ತಟ್ಟೆ ತುಂಬಿದರೆ ಚೀಲ ತುಂಬುವುದೇ?

ಹಾರ್ಡ್ ಡಿಸ್ಕಿನ ಪ್ರಗತಿಯನ್ನು ಹಣ ಹೂಡುವವನು ಅರಿಯಬೇಕಾದ ಬಗೆ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು ನಿಂಬೆಯ ಬೆಳೆಗೆ ಹೆಸರಾದುದು. ಆ ತಾಲ್ಲೂಕಿನ ತಾಂಬಾ ಗ್ರಾಮದ ಹಿರಿಯ ರೈತನೊಬ್ಬನನ್ನು ಮಾತಿಗೆಳೆದರೆ ಅವನು ಒಂದು ಅನುಭವವನ್ನು ಹೇಳದೆ ಇರಲಾರ. ಗಿಡದ ತುಂಬ ಕಾಯಿ ಹಿಡಿದ ವರ್ಷವೆಲ್ಲ ಕೈತುಂಬ ಹಣ ಬರುವ ವರ್ಷವಲ್ಲ. ಎಲ್ಲರ ಗಿಡಗಳೂ ಒಮ್ಮೆಗೇ ಕಾಯಿಬಿಟ್ಟರೆ ಪೇಟೆಯಲ್ಲಿ ನಿಂಬೆಯ ರಾಶಿ ಬೀಳುತ್ತದೆ, ಧಾರಣೆ ಇಳಿಯುತ್ತದೆ. ಚೀಲದ ಲೆಕ್ಕದಲ್ಲಿ ಗೆದ್ದವನು ರೂಪಾಯಿಯ ಲೆಕ್ಕದಲ್ಲಿ ಸೋಲುವುದುಂಟು.

ಈ ಊರಿನ ಕಾಲೇಜು ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ವರ್ಷದ ಖರ್ಚು ಕಳೆದು ಕೊಂಚ ಹಣ ಉಳಿದಿದೆಯೆಂದು ಭಾವಿಸೋಣ. ಅವನ ಕೈಯಲ್ಲಿರುವ ಮೊಬೈಲಿನಲ್ಲಿ ಒಂದು ವಾರ್ತೆ ಬರುತ್ತದೆ: ಇಂಥ ಕಂಪನಿಯು ಅಂಗೈಯಗಲದ ಹಾರ್ಡ್ ಡಿಸ್ಕಿನಲ್ಲಿ ಹಿಂದೆಂದೂ ಇಲ್ಲದಷ್ಟು ಮಾಹಿತಿಯನ್ನು ಅಡಗಿಸುವ ಹೊಸ ತಂತ್ರವನ್ನು ಸಾಧಿಸಿದೆ. ವಿದ್ಯಾರ್ಥಿಗೆ ಸಹಜವಾಗಿಯೇ ಒಂದು ವಿಚಾರ ಹೊಳೆಯುತ್ತದೆ. ಆ ಕಂಪನಿಯ ಶೇರನ್ನು ಈಗಲೇ ಕೊಂಡರೆ ಹೇಗೆ?

ಈ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದಾಗಿ ಹೆಣೆದುಕೊಂಡಿವೆ. ಆ ತಂತ್ರವು ಕೆಲಸ ಮಾಡುವುದೇ ಎಂಬುದು ಮೊದಲನೆಯದು. ಮಾಡಿದರೆ ಅದರ ಫಲ ಯಾರ ಪಾಲಿಗೆ ಬರುವುದು ಎಂಬುದು ಎರಡನೆಯದು. ಮೊದಲನೆಯದಕ್ಕೆ ಭೌತವಿಜ್ಞಾನವು ಉತ್ತರ ಹೇಳುತ್ತದೆ. ಎರಡನೆಯದಕ್ಕೆ ಇಂಡಿಯ ನಿಂಬೆಯ ಪೇಟೆಯೇ ಒಳ್ಳೆಯ ಗುರು. ಇವೆರಡನ್ನೂ ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ತಟ್ಟೆಯ ಮೇಲಿನ ಬರಹ

ಹಾರ್ಡ್ ಡಿಸ್ಕಿನ ಒಳಗೆ ನುಣುಪಾದ ಗಾಜಿನ ಅಥವಾ ಅಲ್ಯುಮಿನಿಯಮ್ಮಿನ ತಟ್ಟೆಗಳು ಒಂದೇ ಅಕ್ಷದ ಮೇಲೆ ತಿರುಗುತ್ತಿರುತ್ತವೆ. ಪ್ರತಿ ತಟ್ಟೆಯ ಎರಡೂ ಮುಖಗಳ ಮೇಲೆ ಅತಿ ತೆಳುವಾದ ಕಾಂತೀಯ ಲೇಪನವಿದೆ. ಈ ಲೇಪನವು ಕೋಟ್ಯನುಕೋಟಿ ಸೂಕ್ಷ್ಮ ಹರಳುಗಳಿಂದಾದುದು. ಒಂದೊಂದು ಹರಳೂ ಒಂದೊಂದು ಕಿರಿಯ ಅಯಸ್ಕಾಂತ. ಕೆಲವು ಹರಳುಗಳ ಗುಂಪು ತನ್ನ ಉತ್ತರ ಧ್ರುವವನ್ನು ಮೇಲಕ್ಕೆ ತಿರುಗಿಸಿದ್ದರೆ ಒಂದು ಗುರುತು, ಕೆಳಕ್ಕೆ ತಿರುಗಿಸಿದ್ದರೆ ಇನ್ನೊಂದು. ಗಣಕಯಂತ್ರದ ಭಾಷೆಯಲ್ಲಿರುವುದು 0 ಮತ್ತು 1 ಎಂಬ ಎರಡೇ ಅಕ್ಷರಗಳಾದುದರಿಂದ ಈ ಎರಡು ಗುರುತುಗಳಿಂದ ಏನನ್ನಾದರೂ ಬರೆಯಬಹುದು. ಇಂಥ ಒಂದು ಗುರುತಿಗೆ ಬಿಟ್ ಎಂದು ಹೆಸರು. ಎಂಟು ಬಿಟ್‌ಗಳು ಸೇರಿದರೆ ಒಂದು ಬೈಟ್.

ಬರೆಯುವುದಕ್ಕೂ ಓದುವುದಕ್ಕೂ ಹೆಡ್ ಎಂಬ ಸೂಕ್ಷ್ಮ ಸಾಧನವಿದೆ. ತಟ್ಟೆಯು ನಿಮಿಷಕ್ಕೆ 7,200 ಸುತ್ತು ತಿರುಗುವಾಗ ಅದರ ಅಂಚು ಗಂಟೆಗೆ ಸುಮಾರು 130 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಆ ಓಟದ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಹೆಡ್ ತೇಲುತ್ತದೆ. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 80,000 ನ್ಯಾನೋಮೀಟರ್ ಎಂಬುದನ್ನು ನೆನೆದರೆ ಈ ಯಂತ್ರದ ನಯಗಾರಿಕೆ ಮನಸ್ಸಿಗೆ ಬರುತ್ತದೆ.

ಎಪ್ಪತ್ತು ವರ್ಷಗಳ ಬೆಳವಣಿಗೆ

ಮೊತ್ತಮೊದಲ ಹಾರ್ಡ್ ಡಿಸ್ಕನ್ನು ಐಬಿಎಂ ಕಂಪನಿಯು 1956ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ರಾಮ್ಯಾಕ್ ಎಂಬ ಗಣಕಯಂತ್ರದ ಅಂಗವಾಗಿದ್ದ ಆ ಪೆಟ್ಟಿಗೆಯಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಅದರ ತೂಕ ಒಂದು ಟನ್ನಿನಷ್ಟು. ಅದು ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು. ಇದನ್ನು ರಚಿಸಿದ ತಂಡದ ನಾಯಕ ರೇನಾಲ್ಡ್ ಜಾನ್ಸನ್ ಎಂಬಾತ ಮೊದಲು ಪ್ರೌಢಶಾಲೆಯಲ್ಲಿ ವಿಜ್ಞಾನದ ಉಪಾಧ್ಯಾಯನಾಗಿದ್ದವನು. ಅಂದು ಒಂದು ಚದರ ಅಂಗುಲದಲ್ಲಿ ಸುಮಾರು 2,000 ಬಿಟ್‌ಗಳನ್ನು ಬರೆಯಲಾಗುತ್ತಿತ್ತು. ಸೀಗೇಟ್ ಕಂಪನಿಯು 2024ರಲ್ಲಿ ಹೊರತಂದ ಡಿಸ್ಕುಗಳಲ್ಲಿ ಅಷ್ಟೇ ಜಾಗದಲ್ಲಿ 1 ಲಕ್ಷದ 70 ಸಾವಿರ ಕೋಟಿಗೂ ಮಿಗಿಲಾದ ಬಿಟ್‌ಗಳಿವೆ. ಎಂದರೆ ಸಾಂದ್ರತೆಯು 80 ಕೋಟಿ ಪಟ್ಟಿಗಿಂತಲೂ ಹೆಚ್ಚಾಗಿದೆ.

ಇಂಥ ಸಂಖ್ಯೆಗಳು ಕಿವಿಗೆ ಬಿದ್ದರೂ ಮನಸ್ಸಿಗೆ ತಾಗುವುದಿಲ್ಲ. ವಿಜಯಪುರದ್ದೇ ಒಂದು ಉದಾಹರಣೆಯಿಂದ ಅಳೆದು ನೋಡೋಣ. ಫ. ಗು. ಹಳಕಟ್ಟಿಯವರು ಮನೆಗಳಲ್ಲಿಯೂ ಮಠಗಳಲ್ಲಿಯೂ ಹುದುಗಿದ್ದ ತಾಡವೋಲೆಗಳನ್ನು ಹುಡುಕಿ ತಂದು, ವಚನಗಳನ್ನು ಸಂಗ್ರಹಿಸಿ ಅಚ್ಚುಮಾಡಿಸುವುದರಲ್ಲಿ ತಮ್ಮ ಆಯುಷ್ಯವನ್ನೇ ಸವೆಸಿದರು. ಇಪ್ಪತ್ತು ಸಾವಿರ ವಚನಗಳು, ಒಂದೊಂದಕ್ಕೆ ಐದುನೂರು ಅಕ್ಷರಚಿಹ್ನೆಗಳು ಎಂದಿಟ್ಟುಕೊಳ್ಳೋಣ. ಇಂದಿನ ಪದ್ಧತಿಯಲ್ಲಿ ಕನ್ನಡದ ಒಂದು ಚಿಹ್ನೆಗೆ ಮೂರು ಬೈಟ್ ಬೇಕು. ಒಟ್ಟಿಗೆ 3 ಕೋಟಿ ಬೈಟ್, ಅಂದರೆ 30 ಮೆಗಾಬೈಟ್ ಆಯಿತು. ಒಂದು ಟನ್ ತೂಕದ ರಾಮ್ಯಾಕ್ ಪೆಟ್ಟಿಗೆಗೆ ಈ ಭಂಡಾರವನ್ನು ಹಿಡಿದಿಡುವ ಶಕ್ತಿ ಇರಲಿಲ್ಲ. ಇಂದಿನ 30 ಟೆರಾಬೈಟಿನ ಒಂದು ಡಿಸ್ಕಿನಲ್ಲಾದರೋ ಇದರ ಹತ್ತು ಲಕ್ಷ ಪ್ರತಿಗಳನ್ನು ಇಡಬಹುದು!

ಬೆಲೆಯ ಕಥೆಯೂ ಇದೇ ರೀತಿಯದು. ಸೀಗೇಟ್ ಕಂಪನಿಯು 1980ರಲ್ಲಿ ತಂದ ಮೊದಲ ಡಿಸ್ಕಿಗೆ 5 ಮೆಗಾಬೈಟಿನ ಶಕ್ತಿ, 1,500 ಡಾಲರ್ ಬೆಲೆ. ಒಂದು ಮೆಗಾಬೈಟಿಗೆ 300 ಡಾಲರ್ ಆಯಿತು. ಅದೇ ದರದಲ್ಲಿ ಇಂದಿನ ಒಂದು ಟೆರಾಬೈಟಿಗೆ 30 ಕೋಟಿ ಡಾಲರ್ ತೆರಬೇಕಾಗುತ್ತಿತ್ತು. ಈಗ ಅದು ಕೆಲವೇ ಹತ್ತು ಡಾಲರುಗಳಲ್ಲಿ ದೊರೆಯುತ್ತದೆ. ಈ ಇಳಿತವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಲಾಭದ ಲೆಕ್ಕ ಹಾಕುವಾಗ ಇದೇ ಮುಖ್ಯವಾಗುವುದು.

ಮೂರು ಕಡೆಯ ಎಳೆದಾಟ

ಸಾಂದ್ರತೆಯನ್ನು ಹೆಚ್ಚಿಸುವುದೆಂದರೆ ಒಂದೊಂದು ಬಿಟ್ ಆಕ್ರಮಿಸುವ ಜಾಗವನ್ನು ಕಿರಿದುಮಾಡುವುದು. ಹೊಲದ ಬದುವಿಗೆ ಕಲ್ಲು ಜೋಡಿಸುವುದನ್ನು ನೋಡಿದವರಿಗೆ ಇದರ ಮೊದಲ ತೊಡಕು ತಿಳಿಯುತ್ತದೆ. ದಪ್ಪ ಬಂಡೆಗಳನ್ನಿಟ್ಟರೆ ಬದುವಿನ ಅಂಚು ಸೊಟ್ಟಗಾಗುತ್ತದೆ. ಸಣ್ಣ ಕಲ್ಲುಗಳಾದರೆ ನೆಟ್ಟಗಿರುತ್ತದೆ. ಬಿಟ್ ಚಿಕ್ಕದಾದಂತೆ ಅದರ ಅಂಚು ಸ್ಪಷ್ಟವಾಗಿರಬೇಕಾದುದರಿಂದ ಹರಳುಗಳನ್ನೂ ಚಿಕ್ಕದು ಮಾಡುವುದು ಅನಿವಾರ್ಯ.

ಆದರೆ ಹರಳು ತೀರ ಚಿಕ್ಕದಾದರೆ ಇನ್ನೊಂದು ಅಪಾಯ ತಲೆಯೆತ್ತುತ್ತದೆ. ಯಾವ ವಸ್ತುವಿನಲ್ಲಿಯಾದರೂ ಉಷ್ಣದಿಂದ ಪರಮಾಣುಗಳು ಸದಾ ಕಂಪಿಸುತ್ತಿರುತ್ತವೆ. ಮೊರದಲ್ಲಿ ಜೋಳ ಕೇರುವಾಗ ಗಟ್ಟಿ ಕಾಳು ನಿಲ್ಲುತ್ತದೆ, ಹಗುರಾದ ಹೊಟ್ಟು ಹಾರಿಹೋಗುತ್ತದೆ. ಅದರಂತೆ ದೊಡ್ಡ ಹರಳಿನ ಕಾಂತತ್ವವು ಈ ಕಂಪನವನ್ನು ತಡೆದುಕೊಳ್ಳುತ್ತದೆ. ಅತಿ ಸಣ್ಣ ಹರಳಿನ ಧ್ರುವಗಳು ತಾವಾಗಿಯೇ ತಿರುಗಿಬಿಡುತ್ತವೆ. ಬರೆದುದು ಅಳಿಸಿಹೋಗುತ್ತದೆ.

ಇದಕ್ಕೆ ಪರಿಹಾರವೆಂದರೆ ಸುಲಭವಾಗಿ ದಿಕ್ಕು ಬದಲಿಸದ, ಹಠಮಾರಿಯಾದ ಕಾಂತವಸ್ತುವನ್ನು ಬಳಸುವುದು. ಕಬ್ಬಿಣ ಮತ್ತು ಪ್ಲಾಟಿನಮ್ಮುಗಳ ಮಿಶ್ರಲೋಹವು ಅಂಥದು. ಆಗ ಮೂರನೆಯ ತೊಡಕು ಎದುರಾಗುತ್ತದೆ. ತಾನಾಗಿ ಅಳಿಸಿಹೋಗದ ಹರಳನ್ನು ನಾವಾಗಿ ಬರೆಯುವುದೂ ಕಠಿಣ. ಬರೆಯುವ ಹೆಡ್ಡು ಹುಟ್ಟಿಸಬಲ್ಲ ಕಾಂತಕ್ಷೇತ್ರಕ್ಕೆ ಅದನ್ನು ಮಾಡಿದ ಲೋಹದ ಸ್ವಭಾವದಿಂದಲೇ ಒಂದು ಮೇರೆಯುಂಟು. ಅದನ್ನು ಮೀರಲು ಬಾರದು. ಸಣ್ಣ ಹರಳು ಬೇಕು, ಬರಹ ಉಳಿಯಬೇಕು, ಬರೆಯಲೂ ಬರಬೇಕು. ಇವುಗಳಲ್ಲಿ ಯಾವ ಎರಡನ್ನು ಹಿಡಿದರೂ ಮೂರನೆಯದು ಕೈಜಾರುತ್ತದೆ.

ಈ ಕಾರಣದಿಂದ 1997ರಲ್ಲಿ ಸ್ಟ್ಯಾನ್ಲಿ ಚರಾಪ್ ಮತ್ತು ಸಂಗಡಿಗರು ಚದರ ಅಂಗುಲಕ್ಕೆ ಸುಮಾರು 40 ಗಿಗಾಬಿಟ್, ಎಂದರೆ 4,000 ಕೋಟಿ ಬಿಟ್‌ಗಳ ಹತ್ತಿರ ಬೆಳವಣಿಗೆ ನಿಲ್ಲಬಹುದೆಂದು ಲೆಕ್ಕ ಹಾಕಿದರು. ಅವರ ಭೌತವಿಜ್ಞಾನದಲ್ಲಿ ದೋಷವಿರಲಿಲ್ಲ. ಅಂದು ತಟ್ಟೆಯ ಮೇಲೆ ಬಿಟ್‌ಗಳನ್ನು ಅಡ್ಡಲಾಗಿ ಮಲಗಿಸಿ ಬರೆಯುತ್ತಿದ್ದ ಕ್ರಮಕ್ಕೆ ಆ ಲೆಕ್ಕ ಸಂಬಂಧಿಸಿತ್ತು. ಲೇಪನದ ಸುಧಾರಣೆಗಳಿಂದ ಕೆಲವೇ ವರ್ಷಗಳಲ್ಲಿ ಆ ಗಡಿಯನ್ನು ದಾಟಲಾಯಿತು. ಆಮೇಲೆ ಬಿಟ್‌ಗಳನ್ನು ನೆಟ್ಟಗೆ ನಿಲ್ಲಿಸಿ ಬರೆಯುವ ಲಂಬ ಪದ್ಧತಿಯು ಇನ್ನೂ ದೂರ ಕೊಂಡೊಯ್ದಿತು. ಆದುದರಿಂದ ‘ಇನ್ನು ಮುಗಿಯಿತು’ ಎಂಬ ವಾರ್ತೆಯನ್ನೂ ‘ಇನ್ನು ಮಿತಿಯೇ ಇಲ್ಲ’ ಎಂಬ ವಾರ್ತೆಯನ್ನೂ ಒಂದೇ ಎಚ್ಚರಿಕೆಯಿಂದ ಓದತಕ್ಕದ್ದು.

ಕಮ್ಮಾರನ ಕುಲುಮೆ

ಇಂದು ಹೂಡಿಕೆದಾರರ ಬಾಯಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರು ಹ್ಯಾಮರ್. ಉಷ್ಣದ ನೆರವಿನಿಂದ ಕಾಂತೀಯವಾಗಿ ಬರೆಯುವ ಕ್ರಮವೆಂದು ಅದರ ಅರ್ಥ. ಇದರ ತಿರುಳನ್ನು ಹಳ್ಳಿಯ ಕಮ್ಮಾರನು ಶತಮಾನಗಳಿಂದಲೂ ಬಲ್ಲನು. ತಣ್ಣಗಿರುವ ಕುಡುಗೋಲನ್ನು ಎಷ್ಟು ಬಡಿದರೂ ಅದು ಬಾಗುವುದಿಲ್ಲ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿದರೆ ಬೇಕಾದಂತೆ ತಿದ್ದಬಹುದು. ನೀರಿನಲ್ಲಿ ಅದ್ದಿದೊಡನೆ ಆ ಆಕಾರವೇ ಗಟ್ಟಿಯಾಗಿ ನಿಲ್ಲುತ್ತದೆ. ಕಾಂತವಸ್ತುವಿನ ಹಠವೂ ಹೀಗೆಯೇ. ಬಿಸಿಯೇರಿದಂತೆ ಅದು ಕರಗುತ್ತದೆ. ಕಮ್ಮಾರನು ಮೆತ್ತಗೆ ಮಾಡುವುದು ಲೋಹದ ಮೈಯನ್ನು. ಇಲ್ಲಿ ಮೆತ್ತಗಾಗುವುದು ಅದರ ಕಾಂತತ್ವ ಮಾತ್ರ.

ಹ್ಯಾಮರ್ ಡಿಸ್ಕಿನ ಪ್ರತಿಯೊಂದು ಹೆಡ್ಡಿನಲ್ಲಿಯೂ ಒಂದು ಕಿರಿಯ ಲೇಸರ್ ಇದೆ. ಅದು ತಟ್ಟೆಯ ಮೇಲಿನ ಅತಿ ಸಣ್ಣ ಬಿಂದುವನ್ನು 400 ಡಿಗ್ರಿ ಸೆಲ್ಸಿಯಸ್‌ಗೂ ಮೇಲಕ್ಕೆ ಕಾಯಿಸುತ್ತದೆ. ಆ ಕ್ಷಣದಲ್ಲಿ ಹೆಡ್ಡು ಬಿಟ್ ಬರೆಯುತ್ತದೆ. ನ್ಯಾನೋಸೆಕೆಂಡುಗಳ ಅವಧಿಯಲ್ಲಿ ಬಿಂದು ಆರಿ, ಬರಹವು ಭದ್ರವಾಗುತ್ತದೆ.

ಕೇಳಲು ಸರಳವಾದರೂ ಇದನ್ನು ಮಾಡುವುದು ಸುಲಭವಲ್ಲ. ಬೆಳಕನ್ನು ಮಸೂರದಿಂದ ಎಷ್ಟೇ ಕೂಡಿಸಿದರೂ ಅದರ ತರಂಗದೂರದ ಅರ್ಧಕ್ಕಿಂತ ಬಹಳ ಕಿರಿದಾದ ಬಿಂದುವಿಗೆ ತರಲಾಗುವುದಿಲ್ಲವೆಂದು ಭೌತವಿಜ್ಞಾನದ ವಿದ್ಯಾರ್ಥಿಗಳು ಬಲ್ಲರು. ಇಲ್ಲಿಯಾದರೋ ಕೆಲವು ಹತ್ತು ನ್ಯಾನೋಮೀಟರುಗಳ ಬಿಂದು ಬೇಕು. ಅದಕ್ಕಾಗಿ ಚಿನ್ನದಂಥ ಲೋಹದ ಸೂಕ್ಷ್ಮ ತುಣುಕೊಂದು ಬೆಳಕಿನ ಶಕ್ತಿಯನ್ನು ತನ್ನ ತುದಿಗೆ ಎಳೆದು ಕೊಡುತ್ತದೆ. ಆ ತುಣುಕು ಬಿಸಿಯಲ್ಲಿ ಬೇಗ ಹಾಳಾಗದಂತೆ, ಡಿಸ್ಕಿನ ಆಯುಷ್ಯವಿರುವವರೆಗೂ ಬಾಳುವಂತೆ ಮಾಡುವುದೇ ದೊಡ್ಡ ಸವಾಲಾಯಿತು. ಪ್ರಯೋಗಶಾಲೆಯಲ್ಲಿ ಒಮ್ಮೆ ಬರೆದು ತೋರಿಸುವುದು ಬೇರೆ. ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ಹೆಡ್ಡುಗಳನ್ನು ಒಂದೇ ಸಮನಾಗಿ ಮಾಡಿ ವರ್ಷಗಟ್ಟಲೆ ದುಡಿಸುವುದು ಬೇರೆ.

ಮಾತಿನ ತಾರೀಖು, ಸರಕಿನ ತಾರೀಖು

ಇಲ್ಲಿಂದ ಹೂಡಿಕೆದಾರನ ಕೆಲಸ ಪ್ರಾರಂಭವಾಗುತ್ತದೆ. ಅದಕ್ಕೆ ಬೇಕಾದ ಮೊದಲ ಉಪಕರಣ ಒಂದು ನೋಟುಬುಕ್ಕು. ಎಡಪುಟದಲ್ಲಿ ಮಾತಿನ ತಾರೀಖು, ಬಲಪುಟದಲ್ಲಿ ಸರಕು ಅಂಗಡಿಗೆ ಬಂದ ತಾರೀಖು. ಹಳೆಯ ಸಂಗತಿಗಳಿಂದಲೇ ಇದನ್ನು ತುಂಬಲು ತೊಡಗಬಹುದು.

ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಶುನ್‌ಇಚಿ ಇವಾಸಾಕಿ ಲಂಬ ಪದ್ಧತಿಯ ವಿಚಾರವನ್ನು ಮುಂದಿಟ್ಟುದು 1970ರ ದಶಕದಲ್ಲಿ. ತೋಷಿಬಾ ಕಂಪನಿಯು ಆ ಪದ್ಧತಿಯ ಡಿಸ್ಕನ್ನು ಮಾರಾಟಕ್ಕೆ ತಂದುದು 2005ರಲ್ಲಿ. ಕಾಲು ಶತಮಾನಕ್ಕೂ ಹೆಚ್ಚು ಕಾಲ ಸಂದಿತು. ಕಾಂತಕ್ಷೇತ್ರದಿಂದ ವಿದ್ಯುತ್ತಿನ ತಡೆಯು ಬಹುವಾಗಿ ಬದಲಾಗುವ ಗುಣವನ್ನು ಆಲ್ಬರ್ಟ್ ಫರ್ಟ್ ಮತ್ತು ಪೀಟರ್ ಗ್ರುನ್‌ಬರ್ಗ್ 1988ರಲ್ಲಿ ಬೇರೆ ಬೇರೆಯಾಗಿ ಕಂಡುಹಿಡಿದರು. ಅದರ ಆಧಾರದ ಮೇಲೆ ಓದುವ ಹೆಡ್ಡನ್ನು ಐಬಿಎಂ 1997ರಲ್ಲಿ ಮಾರುಕಟ್ಟೆಗೆ ತಂದಿತು. ಒಂಬತ್ತೇ ವರ್ಷಗಳು, ಇದು ಬಹಳ ಶೀಘ್ರವಾದ ಉದಾಹರಣೆ. ಆ ಇಬ್ಬರಿಗೂ 2007ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಬಂದಿತು.

ಹ್ಯಾಮರ್ ವಿಷಯಕ್ಕೆ ಬರೋಣ. ಸೀಗೇಟ್ ಕಂಪನಿಯು 2012ರ ಮಾರ್ಚಿನಲ್ಲಿ ಈ ಕ್ರಮದಿಂದ ಚದರ ಅಂಗುಲಕ್ಕೆ ಒಂದು ಲಕ್ಷ ಕೋಟಿ ಬಿಟ್‌ಗಳನ್ನು ಬರೆದು ತೋರಿಸಿ, ಆ ದಶಕದೊಳಗೇ ಡಿಸ್ಕುಗಳು ಬರುವುವೆಂದು ಸೂಚಿಸಿತು. 2020ರ ಕೊನೆಯಲ್ಲಿ 20 ಟೆರಾಬೈಟಿನ ಡಿಸ್ಕುಗಳು ಆಯ್ದ ಗ್ರಾಹಕರಿಗೆ ಹೋದವು. ತಟ್ಟೆಯೊಂದಕ್ಕೆ 3 ಟೆರಾಬೈಟ್ ಹಿಡಿಯುವ, ಒಟ್ಟು 30 ಟೆರಾಬೈಟಿನ ಡಿಸ್ಕನ್ನು ಪ್ರಕಟಿಸಿದುದು 2024ರ ಜನವರಿಯಲ್ಲಿ. ಪ್ರಯೋಗಕ್ಕೂ ಸರಕಿಗೂ ನಡುವೆ ಸುಮಾರು ಹನ್ನೆರಡು ವರ್ಷಗಳು. ಇನ್ನೊಂದು ಕಡೆ ವೆಸ್ಟರ್ನ್ ಡಿಜಿಟಲ್ ಕಂಪನಿಯು 2017ರ ಅಕ್ಟೋಬರಿನಲ್ಲಿ ಉಷ್ಣದ ಬದಲು ಸೂಕ್ಷ್ಮತರಂಗಗಳ ನೆರವಿನಿಂದ ಬರೆಯುವ ದಾರಿಯನ್ನು ಸಾರಿ, 2019ರಲ್ಲಿ ಸರಕು ಬರುವುದೆಂದು ಹೇಳಿತು. ಆದರೆ 2020ರಲ್ಲಿ ಅದು ಹೊರತಂದ ಡಿಸ್ಕುಗಳು ಬೇರೊಂದು, ಇದಕ್ಕಿಂತ ಸರಳವಾದ ಕ್ರಮದವು. ಮುಂದೆ ಅದೂ ಹ್ಯಾಮರ್ ಮಾರ್ಗವನ್ನೇ ಹಿಡಿಯಿತು. ಸೂಕ್ಷ್ಮತರಂಗದ ಕಲ್ಪನೆಯನ್ನು ಒಂದು ರೂಪದಲ್ಲಿ ಮೊದಲು ಸರಕಾಗಿಸಿದುದು 2021ರಲ್ಲಿ ತೋಷಿಬಾ.

ಇದರಲ್ಲಿ ಯಾರನ್ನೂ ಸುಳ್ಳುಗಾರರೆಂದು ದೂರುವ ಕಾರಣವಿಲ್ಲ. ಕಠಿಣವಾದ ಕೆಲಸಕ್ಕೆ ಹೇಳಿದುದಕ್ಕಿಂತ ಹೆಚ್ಚು ಕಾಲ ಹಿಡಿಯುವುದು ಲೋಕರೂಢಿ. ಆದರೆ ಮಾತಿನ ತಾರೀಖಿನಂದು ಶೇರು ಕೊಂಡವನು ಸರಕಿನ ತಾರೀಖಿನವರೆಗೆ ಕಾಯಬೇಕು. ಆ ಹನ್ನೆರಡು ವರ್ಷಗಳಲ್ಲಿ ಅವನ ಹಣಕ್ಕೆ ಬೇರೆ ಉಪಯೋಗವಿತ್ತೇ ಎಂಬುದೂ ಲೆಕ್ಕಕ್ಕೆ ಸೇರುತ್ತದೆ.

ಫಲ ಯಾರ ಪಾಲಿಗೆ?

ಈಗ ಎರಡನೆಯ ಪ್ರಶ್ನೆ. 80 ಕೋಟಿ ಪಟ್ಟು ಬೆಳೆದ ಉದ್ಯಮದಲ್ಲಿ ಹಣ ಹೂಡಿದವರೆಲ್ಲ ಕುಬೇರರಾಗಿರಬೇಕಲ್ಲವೇ? ಹಾಗೆ ಆಗಲಿಲ್ಲ. ಕಳೆದ ಎಪ್ಪತ್ತು ವರ್ಷಗಳಲ್ಲಿ ಹಾರ್ಡ್ ಡಿಸ್ಕ್ ತಯಾರಿಸಲು ತೊಡಗಿದ ಕಂಪನಿಗಳು 200ಕ್ಕೂ ಹೆಚ್ಚು. ಇಂದು ಉಳಿದಿರುವುವು ಮೂರೇ: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ. ಈ ಉದ್ಯಮವನ್ನು ಹುಟ್ಟಿಸಿದ ಐಬಿಎಂ ಕೂಡ ತನ್ನ ಡಿಸ್ಕ್ ವಿಭಾಗವನ್ನು ಹಿಟಾಚಿಗೆ ಮಾರಿ 2003ರ ಹೊತ್ತಿಗೆ ಹೊರಗಾಯಿತು. ಕ್ಲೇಟನ್ ಕ್ರಿಸ್ಟೆನ್‌ಸೆನ್ ಎಂಬ ಪ್ರಾಧ್ಯಾಪಕರು ಉದ್ಯಮಗಳ ಏಳುಬೀಳನ್ನು ಕುರಿತು 1997ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥಕ್ಕೆ ಹಾರ್ಡ್ ಡಿಸ್ಕನ್ನೇ ಮುಖ್ಯ ಉದಾಹರಣೆಯಾಗಿ ಆರಿಸಿಕೊಂಡರು. ಇಷ್ಟು ಬೇಗ ಹುಟ್ಟಿ ಇಷ್ಟು ಬೇಗ ಅಳಿಯುವ ಕಂಪನಿಗಳು ಬೇರೆ ಕಡೆ ಸಿಗುವುದು ದುರ್ಲಭ.

ಕಾರಣವನ್ನು ನಿಂಬೆಯ ರೈತನು ಆಗಲೇ ಹೇಳಿದ್ದಾನೆ. ಒಬ್ಬನು ಹೆಚ್ಚು ಬೆಳೆದರೆ ಅವನಿಗೆ ಲಾಭ. ಎಲ್ಲರೂ ಹೆಚ್ಚು ಬೆಳೆದರೆ ಕೊಳ್ಳುವವನಿಗೆ ಲಾಭ. ಒಂದು ಕಂಪನಿಯ ಹೊಸ ತಂತ್ರವನ್ನು ಉಳಿದವರು ಒಂದೆರಡು ವರ್ಷಗಳಲ್ಲಿ ಕಲಿಯುತ್ತಿದ್ದರು. ಕೂಡಲೇ ಬೆಲೆಯ ಯುದ್ಧ ಮೊದಲಾಗುತ್ತಿತ್ತು. ಮೆಗಾಬೈಟಿಗೆ 300 ಡಾಲರ್ ಇದ್ದ ಬೆಲೆ ಪೈಸೆಯ ಲೆಕ್ಕಕ್ಕಿಂತ ಕೆಳಗೆ ಇಳಿದುದು ಹೀಗೆ. ವಿಜ್ಞಾನದ ಫಲವನ್ನು ಬಹುಮಟ್ಟಿಗೆ ಉಂಡವರು ನಾವು, ಡಿಸ್ಕನ್ನು ಬಳಸಿದವರು.

ಕಾನರ್ ಪೆರಿಫೆರಲ್ಸ್ ಎಂಬ ಕಂಪನಿಯು 1980ರ ದಶಕದಲ್ಲಿ ಹುಟ್ಟಿ, ಕೆಲವೇ ವರ್ಷಗಳಲ್ಲಿ ನೂರು ಕೋಟಿ ಡಾಲರಿನ ವ್ಯಾಪಾರವನ್ನು ಮುಟ್ಟಿತ್ತು. 1996ರಲ್ಲಿ ಅದು ಸೀಗೇಟಿನಲ್ಲಿ ಲೀನವಾಯಿತು. ಮಿನಿಸ್ಕ್ರೈಬ್ ಎಂಬ ಇನ್ನೊಂದು ಕಂಪನಿಯ ಕಥೆ ಇನ್ನೂ ಕಹಿಯಾದುದು. ಮಾರಾಟವನ್ನು ಹೆಚ್ಚಾಗಿ ತೋರಿಸುವ ಸಲುವಾಗಿ 1987ರ ಕೊನೆಯಲ್ಲಿ ಅದರ ಪೆಟ್ಟಿಗೆಗಳಲ್ಲಿ ಡಿಸ್ಕಿನ ಬದಲು ಇಟ್ಟಿಗೆಗಳನ್ನು ತುಂಬಲಾಗಿತ್ತು! ಈ ವಂಚನೆ 1989ರಲ್ಲಿ ಬಯಲಾಯಿತು. ಮರುವರ್ಷ ಕಂಪನಿ ದಿವಾಳಿಯೆದ್ದಿತು. ಲೆಕ್ಕಪತ್ರದಲ್ಲಿ ಮಾರಾಟ ಏರಿದೆ ಎಂದು ನಂಬಿ ಶೇರು ಕೊಂಡವರ ಹಣ ಆ ಇಟ್ಟಿಗೆಗಳ ಸಂಗಡ ಹೋಯಿತು.

ಹಾಗಾದರೆ ಈ ಉದ್ಯಮದಲ್ಲಿ ಲಾಭವೇ ಇಲ್ಲವೇ? ಉಂಟು. ಆದರೆ ಅದು ಬಂದುದು ತಂತ್ರದಿಂದ ಮಾತ್ರವಲ್ಲ. ಮಾರುವವರು ಮೂವರೇ ಆದಮೇಲೆ ಬೆಲೆಯ ಯುದ್ಧದ ಉಗ್ರತೆ ಇಳಿಯಿತು. ಬೇಡಿಕೆಯ ಸ್ವರೂಪವೂ ಬದಲಾಯಿತು. 2010ರ ಸುಮಾರಿಗೆ ಜಗತ್ತಿನಲ್ಲಿ ವರ್ಷಕ್ಕೆ 65 ಕೋಟಿಯಷ್ಟು ಡಿಸ್ಕುಗಳು ಮಾರಾಟವಾಗುತ್ತಿದ್ದವು. ಮನೆಯ ಗಣಕಗಳಲ್ಲಿ ಫ್ಲಾಷ್ ಸ್ಮೃತಿಯು ಅವುಗಳ ಸ್ಥಾನವನ್ನು ಆಕ್ರಮಿಸಿದುದರಿಂದ 2023ರ ವೇಳೆಗೆ ಆ ಸಂಖ್ಯೆ ಕಾಲುಭಾಗಕ್ಕಿಂತಲೂ ಕಡಿಮೆಯಾಗಿತ್ತು. ಆದರೆ ದೊಡ್ಡ ದೊಡ್ಡ ದತ್ತಾಂಶ ಕೇಂದ್ರಗಳಿಗೆ ಅಗ್ಗದಲ್ಲಿ ಅಪಾರ ಮಾಹಿತಿಯನ್ನು ಇಡಲು ಹಾರ್ಡ್ ಡಿಸ್ಕೇ ಬೇಕು. ನಮ್ಮ ಇಸ್ರೋ ಸಂಸ್ಥೆಯು ತನ್ನ ವಿಜ್ಞಾನ ನೌಕೆಗಳ ಮಾಹಿತಿಯನ್ನು ಬೆಂಗಳೂರು ಸಮೀಪದ ಬ್ಯಾಲಾಳುವಿನ ಕೇಂದ್ರದಲ್ಲಿ ಸಂರಕ್ಷಿಸುತ್ತದೆ. ಅಂಥ ಕಣಜಗಳನ್ನು ಸಾವಿರಪಟ್ಟು ಹಿಗ್ಗಿಸಿ ಕಲ್ಪಿಸಿಕೊಂಡರೆ ಕೃತಕ ಬುದ್ಧಿಮತ್ತೆಯ ಕಂಪನಿಗಳ ಬೇಡಿಕೆ ಎಂಥದೆಂಬುದು ಮನಸ್ಸಿಗೆ ಬರಬಹುದು.

ಈ ಏರಿಳಿತದ ವೇಗವನ್ನೂ ನೋಡಬೇಕು. 2023ರ ಜೂನ್ ಸುಮಾರಿಗೆ ಮುಗಿದ ಲೆಕ್ಕದ ವರ್ಷದಲ್ಲಿ ಸೀಗೇಟ್ ಮತ್ತು ವೆಸ್ಟರ್ನ್ ಡಿಜಿಟಲ್ ಎರಡೂ ನಷ್ಟವನ್ನು ತೋರಿಸಿದವು. 2025ರಲ್ಲಿ ಎರಡರ ಶೇರುಗಳೂ ಬಹಳವಾಗಿ ಏರಿದವು. ಹ್ಯಾಮರ್ ತಂತ್ರದ ತಿರುಳು ಎರಡೂ ಕಾಲಗಳಲ್ಲಿ ಒಂದೇ ಆಗಿತ್ತು. ಬದಲಾದುದು ಕೊಳ್ಳುವವರ ಹಸಿವು. ಹಸಿವು ಮತ್ತೆ ಇಳಿಯುವುದಿಲ್ಲವೆಂದು ಯಾವ ಭೌತನಿಯಮವೂ ಹೇಳುವುದಿಲ್ಲ.

ದೂರದ ಪ್ರವಾಹ

ತಂತ್ರವೂ ಸರಿ, ಬೇಡಿಕೆಯೂ ಸರಿ ಎಂದಾಗಲೂ ನಡುವೆ ಪ್ರಕೃತಿ ಬರಬಹುದು. 2011ರ ಅಕ್ಟೋಬರಿನಲ್ಲಿ ಥಾಯ್ಲೆಂಡಿನಲ್ಲಿ ಮಹಾಪ್ರವಾಹವಾಯಿತು. ವೆಸ್ಟರ್ನ್ ಡಿಜಿಟಲ್ ಕಂಪನಿಯ ಕಾರ್ಖಾನೆಗಳಿಗೆ ನೀರು ನುಗ್ಗಿತು. ತಟ್ಟೆ ತಿರುಗಿಸುವ ಮೋಟರುಗಳನ್ನು ಮಾಡುತ್ತಿದ್ದ ಜಪಾನಿನ ನಿಡೆಕ್ ಕಂಪನಿಯ ಘಟಕಗಳೂ ತೊಂದರೆಗೀಡಾದವು. ಪ್ರಪಂಚದಾದ್ಯಂತ ಡಿಸ್ಕುಗಳ ಬೆಲೆ ಥಟ್ಟನೆ ಏರಿತು. ಭೀಮಾ ನದಿಯ ದಂಡೆಯ ಜನರಿಗೆ ಪ್ರವಾಹದ ಕಷ್ಟ ಹೊಸದಲ್ಲ. ಆದರೆ ಎಲ್ಲಿಯೋ ಬಂದ ನೆರೆಯಿಂದ ಇಲ್ಲಿಯ ಗಣಕದ ಅಂಗಡಿಯಲ್ಲಿ ಬೆಲೆಯೇರುವುದನ್ನು ಆ ವರ್ಷ ಲೋಕವೆಲ್ಲ ಕಂಡಿತು. ಮೋಟರ್, ಗಾಜಿನ ತಟ್ಟೆ, ಲೇಪನ, ಹೆಡ್ಡು, ಲೇಸರ್ ಇವುಗಳಲ್ಲಿ ಪ್ರತಿಯೊಂದನ್ನೂ ಮಾಡಬಲ್ಲವರು ಕೆಲವರೇ. ಯಾವ ಭಾಗ ಎಲ್ಲಿಂದ ಬರುವುದೆಂಬುದನ್ನು ತಿಳಿಯದವನು ಅರ್ಧ ಕಂಪನಿಯನ್ನು ಮಾತ್ರ ಬಲ್ಲನು.

ವಿದ್ಯಾರ್ಥಿಯು ಮಾಡಬಹುದಾದುದು

ತಾಂಬಾದಲ್ಲಿ ಕುಳಿತವನಿಗೂ ನ್ಯೂಯಾರ್ಕಿನಲ್ಲಿ ಕುಳಿತವನಿಗೂ ಒಂದು ವಿಷಯದಲ್ಲಿ ಈಗ ಭೇದವಿಲ್ಲ. ಸೀಗೇಟ್ ಮತ್ತು ವೆಸ್ಟರ್ನ್ ಡಿಜಿಟಲ್ ಕಂಪನಿಗಳು ಅಮೆರಿಕದ ನಿಯಂತ್ರಣ ಆಯೋಗಕ್ಕೆ ಸಲ್ಲಿಸುವ ವಾರ್ಷಿಕ ಮತ್ತು ತ್ರೈಮಾಸಿಕ ವರದಿಗಳನ್ನು ಯಾರಾದರೂ ದುಡ್ಡು ಕೊಡದೆ ಓದಬಹುದು. ಅವುಗಳನ್ನು ಮುಂದಿಟ್ಟುಕೊಂಡು ನಾಲ್ಕು ಪ್ರಶ್ನೆಗಳನ್ನು ಕೇಳಬೇಕು.

ಮೊದಲನೆಯದು: ಇದು ಪ್ರಯೋಗಶಾಲೆಯ ದಾಖಲೆಯೋ, ಮಾದರಿಯೋ, ರಾಶಿಗಟ್ಟಲೆ ಸಾಗಿಸಿದ ಸರಕೋ? ಮೂರಕ್ಕೂ ಪತ್ರಿಕೆಗಳಲ್ಲಿ ಒಂದೇ ದಪ್ಪ ತಲೆಬರಹ ದೊರೆಯುತ್ತದೆ.

ಎರಡನೆಯದು: ಇದರಿಂದ ಟೆರಾಬೈಟೊಂದನ್ನು ಮಾಡುವ ಖರ್ಚು ಇಳಿಯುವುದೇ? 24 ಟೆರಾಬೈಟಿನ ಡಿಸ್ಕಿಗೆ ತಟ್ಟೆಯೊಂದಕ್ಕೆ 2.4 ಟೆರಾಬೈಟಾದರೆ 10 ತಟ್ಟೆ, 20 ಹೆಡ್ಡು ಬೇಕು. 3 ಟೆರಾಬೈಟಾದರೆ 8 ತಟ್ಟೆ, 16 ಹೆಡ್ಡು ಸಾಕು. ಉಳಿತಾಯ ಇಲ್ಲಿದೆ. ಆದರೆ ಹೊಸ ಹೆಡ್ಡಿಗೆ ಲೇಸರಿನ ಖರ್ಚು ಕೂಡುತ್ತದೆ; ಆ ಖರ್ಚು ಉಳಿತಾಯವನ್ನು ನುಂಗುವುದೇ ಎಂದು ನೋಡಬೇಕು.

ಮೂರನೆಯದು: ಆ ಉಳಿತಾಯ ಕಂಪನಿಯಲ್ಲಿ ನಿಲ್ಲುವುದೇ? ಇದಕ್ಕೆ ಒಂದು ಸರಳ ಅಳತೆಯುಂಟು. 100 ರೂಪಾಯಿಗೆ ಮಾರಿದ ಸರಕನ್ನು ಮಾಡಲು 75 ರೂಪಾಯಿ ಬಿದ್ದರೆ ಉಳಿದುದು ನೂರಕ್ಕೆ 25. ಈ ಅಂಕೆ ಮೂರು ತಿಂಗಳಿಗೊಮ್ಮೆ ಪ್ರಕಟವಾಗುತ್ತದೆ. ಸಾಂದ್ರತೆ ಏರಿದರೂ ಇದು ಏರದಿದ್ದರೆ ಫಲವು ಗ್ರಾಹಕನ ಮನೆಗೆ ಹೋಯಿತೆಂದು ತಿಳಿಯಬೇಕು.

ನಾಲ್ಕನೆಯದು: ಈ ಶುಭವಾರ್ತೆಗೆ ಪೇಟೆಯು ಆಗಲೇ ಬೆಲೆ ಕಟ್ಟಿದೆಯೇ? ಹಬ್ಬದ ಹಿಂದಿನ ದಿನ ಹೂವು ತುಟ್ಟಿಯಾಗುವುದು ಎಲ್ಲರಿಗೂ ತಿಳಿದ ಸಂಗತಿ. ಎಲ್ಲರಿಗೂ ತಿಳಿದ ಸಂಗತಿಯಿಂದ ಯಾರೂ ಅಗ್ಗದಲ್ಲಿ ಕೊಳ್ಳಲಾರರು.

ಭಾರತದ ನಿವಾಸಿಯು ವಿದೇಶದ ಶೇರುಗಳನ್ನು ಕೊಳ್ಳಲು ರಿಸರ್ವ್ ಬ್ಯಾಂಕಿನ ಹಣ ರವಾನೆಯ ಯೋಜನೆಯಲ್ಲಿ ಅವಕಾಶವಿದೆ. ಒಂದು ಹಣಕಾಸು ವರ್ಷಕ್ಕೆ ಒಬ್ಬರಿಗೆ ಎರಡೂವರೆ ಲಕ್ಷ ಡಾಲರ್ ಅದರ ಮಿತಿ. ಮಿತಿಯಿದೆಯೆಂದು ಅಷ್ಟು ದೂರ ನಡೆಯಬೇಕೆಂದೇನೂ ಇಲ್ಲ. ಶೇರಿನ ಬೆಲೆಯ ಏರಿಳಿತದೊಡನೆ ಡಾಲರು ರೂಪಾಯಿಗಳ ಏರಿಳಿತವೂ ಸೇರಿಕೊಳ್ಳುತ್ತದೆ. ಬಿತ್ತನೆಗೆ ಇಟ್ಟ ಬೀಜವನ್ನೂ ಮಗಳ ಶಿಕ್ಷಣಕ್ಕೆ ಇಟ್ಟ ಹಣವನ್ನೂ ಇದಕ್ಕೆ ಹಾಕತಕ್ಕದ್ದಲ್ಲ. ಮೊದಲ ಎರಡು ವರ್ಷ ಹಣವನ್ನೇ ಹಾಕದೆ, ನೋಟುಬುಕ್ಕಿನಲ್ಲಿ ಮಾತ್ರ ‘ಕೊಂಡು’, ತನ್ನ ಊಹೆಯನ್ನು ತಾರೀಖಿನೊಡನೆ ಬರೆದಿಟ್ಟು, ಆಮೇಲೆ ತಾಳೆನೋಡುವುದು ಎಲ್ಲಕ್ಕಿಂತ ಅಗ್ಗದ ಶಿಕ್ಷಣ. ಊಹೆ ಮುಂದಿಡುವುದು, ಫಲಕ್ಕಾಗಿ ಕಾಯುವುದು, ತಪ್ಪಿದ್ದರೆ ಒಪ್ಪಿಕೊಳ್ಳುವುದು—ವಿಜ್ಞಾನದ ಪ್ರಯೋಗಶಾಲೆಯಲ್ಲಿ ಕಲಿಯುವುದೂ ಇದನ್ನೇ ಅಲ್ಲವೇ?

ವಚನಗಳ ಓಲೆಗಳನ್ನು ಕೂಡಿಹಾಕಿದ ಹಳಕಟ್ಟಿಯವರೇ ವಿಜಯಪುರದಲ್ಲಿ ಸಹಕಾರಿ ಬ್ಯಾಂಕನ್ನು ಕಟ್ಟುವುದರಲ್ಲಿಯೂ ಮುಂದಾಳಾಗಿದ್ದರು. ಮಾಹಿತಿಯನ್ನು ಕಾಪಾಡುವುದಕ್ಕೂ ಹಣವನ್ನು ಕಾಪಾಡುವುದಕ್ಕೂ ಬೇಕಾದ ಗುಣ ಒಂದೇ ಎಂದು ಇದರಿಂದ ತೋರುತ್ತದೆ. ಸಿಕ್ಕಿದ ಓಲೆಯನ್ನೆಲ್ಲ ಹಾಗೆಯೇ ನಂಬದೆ, ಒಂದನ್ನು ಇನ್ನೊಂದರೊಡನೆ ಒರೆಹಚ್ಚಿ ನೋಡುವ ತಾಳ್ಮೆ ಅದು. ಮುಂದಿನ ಸಲ ಹೊಸ ಡಿಸ್ಕಿನ ವಾರ್ತೆ ಬಂದಾಗ ತಾಂಬಾದ ವಿದ್ಯಾರ್ಥಿಯು ಮೊದಲು ನೋಟುಬುಕ್ಕನ್ನು ತೆರೆಯಲಿ. ಎಡಪುಟದಲ್ಲಿ ತಾರೀಖನ್ನು ಬರೆಯಲಿ. ಬಲಪುಟ ತುಂಬುವವರೆಗೆ ಹಣದ ಚೀಲದ ಬಾಯಿ ಕಟ್ಟಿಯೇ ಇರಲಿ.